ತಾಯಿಯಿಂದ ದೂರವಾದ ಇಲಿಮರಿ, ಅಜ್ಜಿಮನೆಯಲ್ಲಿ ಬೆಳೆದ ಮಗ

ಪ್ರಶ್ನೆ:

ನಾವು ಕುಂದಾಪುರದ ಕಡೆಯವರು, ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ನನಗೆ ಬ್ಯಾಂಕಿನಲ್ಲಿ ಕೆಲಸ, ಯಜಮಾನರು ಹೋಟೆಲಿನಲ್ಲಿ ಮ್ಯಾನೇಜರು. ಮಗ ಎಂಟನೇ ತಿಂಗಳಿಗೇ ಹುಟ್ಟಿದ. ಮೂರು ವಾರ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ. ಆರು ತಿಂಗಳಾಗುವಾಗ ನನ್ನ ರಜೆಯೆಲ್ಲ ಮುಗಿಯಿತು. ನೋಡಿಕೊಳ್ಳುವವರಿಲ್ಲದೆ ಊರಲ್ಲಿ ನನ್ನ ಅಮ್ಮನ ಹತ್ತಿರ ಬಿಟ್ಟೆ. ಎರಡು ಮೂರು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ನಾಲ್ಕು ತುಂಬಿದ ಮೇಲೆ ಶಾಲೆಗೆಂದು ಇಲ್ಲಿಗೆ ಕರಕೊಂಡು ಬಂದೆವು. ಈಗ ಅವನಿಗೆ 20, ಪುಣೆಯಲ್ಲಿ ಎಂಜಿನಿಯರಿಂಗ್. ದೀಪಾವಳಿಗೆ ಬಂದಾಗ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು. ಕೇಳಿದರೆ ಒಂದೂವರೆ ವರ್ಷದಿಂದ ಸೇದುತ್ತಿದ್ದೇನೆ, ರೂಮಿನಲ್ಲಿ ಎಲ್ಲರೂ ಸೇದುತ್ತಾರೆ ಎಂದ. ಎರಡು ವಿಷಯದಲ್ಲಿ ಫೇಲಾಗಿ ಕೇಟಿ ಬಂದಿದೆ. ಎಂ.ಫಾರ್ಮ್ ಓದುವ ನಾದಿನಿಯ ಮಗಳು, "ಅತ್ತೆ, ತಾಯಿಯಿಂದ ಬೇರೆ ಮಾಡಿದ ಇಲಿಮರಿಗಳು ದೊಡ್ಡವಾದ ಮೇಲೆ ಡ್ರಗ್ಸಿಗೆ ಬೇಗ ಅಂಟಿಕೊಳ್ತವೆ ಅಂತ ಪ್ರಯೋಗದಲ್ಲಿ ಪ್ರೂವ್ ಆಗಿದೆ" ಎಂದಳು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ನಾನೇ ಅವನ ಮಿದುಳು ಕೆಡಿಸಿದೆನೇ? ಅದಿನ್ನು ಸರಿಹೋಗುವುದಿಲ್ಲವೇ? ಯಜಮಾನರು ರಿಹ್ಯಾಬಿಗೆ ಹಾಕುವ ಅನ್ನುತ್ತಾರೆ, ನನ್ನ ತಮ್ಮ ವಯಸ್ಸಿನ ಹುಡುಗಾಟ ಬಿಡು ಅನ್ನುತ್ತಾನೆ. ನಾನು ಸ್ವಯಂನಿವೃತ್ತಿ ತಗೊಂಡು ಪುಣೆಯಲ್ಲೇ ಮನೆ ಮಾಡಲೇ?

ಉತ್ತರ:

ನಿಮ್ಮ ಪತ್ರ ದೊಡ್ಡದಿತ್ತು, ಇಲ್ಲಿ ಚಿಕ್ಕದು ಮಾಡಿದ್ದೇನೆ. ಪೂರ್ತಿ ಪತ್ರದಲ್ಲಿ ಮುಕ್ಕಾಲು ಪಾಲು ಆ ಆರು ತಿಂಗಳ ಕೂಸನ್ನು ಬಿಟ್ಟು ಬಸ್ಸು ಹತ್ತಿದ ದಿನದ ಬಗ್ಗೆಯೇ ಇದೆ. ಗಾಂಜಾ ಎಷ್ಟು ಸೇದುತ್ತಾನೆ, ಯಾವಾಗ ಸೇದುತ್ತಾನೆ, ಇನ್ನೇನಾದರೂ ತೆಗೆದುಕೊಳ್ಳುತ್ತಾನಾ ಎನ್ನುವುದು ಒಂದು ಸಾಲಿನಲ್ಲೂ ಇಲ್ಲ. ನಮ್ಮ ಕ್ಲಿನಿಕ್ಕಿಗೆ ಬರುವ ತಾಯಂದಿರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ತಪ್ಪು ಯಾರದು ಎಂಬ ಲೆಕ್ಕ ಮೊದಲು ಶುರುವಾಗುತ್ತದೆ, ಹುಡುಗನ ಸ್ಥಿತಿ ಏನು ಎಂಬುದು ಹಿಂದೆ ಉಳಿಯುತ್ತದೆ. ಹಾಗಾಗಿ ಇಲಿಯ ವಿಷಯವನ್ನೇ ಮೊದಲು ಮುಗಿಸೋಣ. ಮನೋವೈದ್ಯೆಯಾಗುವ ಮುಂಚೆ ಕೆಲವು ಕಾಲ ನಾನೂ ಪ್ರಾಣಿ ಪ್ರಯೋಗಾಲಯದಲ್ಲಿ ಇಲಿಗಳ ಜೊತೆ ಕೆಲಸ ಮಾಡಿದವಳು. ಅಲ್ಲಿ ನಿಜವಾಗಿ ಏನು ಮಾಡುತ್ತಾರೆ ಎಂದು ಗೊತ್ತಾದರೆ ನಿಮ್ಮ ಭಯದ ಅರ್ಧ ಇಳಿಯುತ್ತದೆ.

ನಾದಿನಿಯ ಮಗಳು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ.

ಇಲಿಯ ಬಸಿರು ಸುಮಾರು ಮೂರು ವಾರ. ಒಂದು ಸೂಲಿಗೆ ಎಂಟು, ಹತ್ತು, ಹನ್ನೆರಡು ಮರಿ. ಹುಟ್ಟಿದಾಗ ಮೈಮೇಲೆ ಒಂದು ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ, ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳಲೂ ಬರುವುದಿಲ್ಲ. ಕಣ್ಣು ಬಿಡುವುದಕ್ಕೇ ಎರಡು ವಾರ ಬೇಕು. ಪ್ರಯೋಗದಲ್ಲಿ ಈ ಎರಡು ವಾರ, ದಿನಾ ಮೂರು ಗಂಟೆ ಹೊತ್ತು, ಮರಿಗಳನ್ನು ತಾಯಿಯ ಗೂಡಿನಿಂದ ತೆಗೆದು ಬೇರೆ ಡಬ್ಬಿಯಲ್ಲಿ ಬೆಚ್ಚಗೆ ಇಡುತ್ತಾರೆ. ಕೆಲವು ಕಡೆ ಎಲ್ಲ ಮರಿಗಳನ್ನೂ ಒಟ್ಟಿಗೆ, ಕೆಲವು ಕಡೆ ಒಂದೊಂದನ್ನೂ ಬೇರೆ ಬೇರೆ. ಮರಿಗಳು ಕೂಗುತ್ತವೆ, ನಮಗೆ ಕೇಳಿಸುವುದಿಲ್ಲ. ನಮ್ಮ ಕಿವಿ 20 ಕಿಲೋಹರ್ಟ್ಸಿಗೆ ನಿಂತುಬಿಡುತ್ತದೆ, ಮರಿಯ ಕೂಗು 40ರ ಆಸುಪಾಸು. ಯಂತ್ರ ಇಟ್ಟರೆ ಮಾತ್ರ ಪರದೆಯ ಮೇಲೆ ಗೆರೆಗಳು ಒಂದರ ಹಿಂದೊಂದು ಬೀಳುತ್ತಾ ಹೋಗುತ್ತವೆ. ಮೂರು ಗಂಟೆಯಾದ ಮೇಲೆ ವಾಪಸು ಬಿಟ್ಟಾಗ ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗೂಡಿನ ಮೂಲೆಗೆ ಸಾಗಿಸುತ್ತದೆ, ಮಗುಚಿ ಹಾಕಿ ಹೊಟ್ಟೆ ನೆಕ್ಕುತ್ತದೆ, ಆಮೇಲೆ ಬೆನ್ನು ಬಿಲ್ಲಿನಂತೆ ಎತ್ತಿ ಎಲ್ಲಕ್ಕೂ ಹಾಲು ಕೊಡುತ್ತದೆ.

ಮರಿಗಳು ದೊಡ್ಡವಾದ ಮೇಲೆ ಪರೀಕ್ಷೆ. ಒಂದೋ ಎರಡು ಬಾಟಲಿ ಇಡುತ್ತಾರೆ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಮದ್ಯ ಇಲ್ಲವೇ ಮಾರ್ಫಿನ್ ಬೆರೆಸಿದ ನೀರು. ದಿನಾ ಬಾಟಲಿ ತೂಗಿ ಯಾವುದು ಎಷ್ಟು ಖಾಲಿಯಾಯಿತು ಎಂದು ಬರೆಯುತ್ತಾರೆ. ಇಲ್ಲವೇ ಕತ್ತಿನ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿ, ಗೂಡಿನ ಗೋಡೆಯ ಸನ್ನೆ ಒತ್ತಿದರೆ ಒಂದು ಹನಿ ಕೊಕೇನ್ ಒಳಗೆ ಹೋಗುವಂತೆ ಮಾಡಿ, ಎಷ್ಟು ಸಲ ಒತ್ತುತ್ತದೆ ಎಂದು ಎಣಿಸುತ್ತಾರೆ. ಪ್ಯಾರಿಸ್ಸಿನ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ತಾಯಿಯಿಂದ ದಿನಾ ಮೂರು ಗಂಟೆ ಬೇರಾಗಿದ್ದ ಇಲಿಗಳು ಮಾರ್ಫಿನ್ನಿಗೆ ಹೆಚ್ಚು ಬೇಗ ಅಂಟಿಕೊಂಡವು. ಮಿದುಳು ತಾನೇ ತಯಾರಿಸಿಕೊಳ್ಳುವ ಅಫೀಮಿನಂಥ ವಸ್ತುಗಳಲ್ಲೂ ಏರುಪೇರು ಕಂಡಿತ್ತು. ಅಮೆರಿಕದಲ್ಲಿ ದಿನಾ ಒಂದು ಗಂಟೆ ಒಂಟಿಯಾಗಿಟ್ಟ ಮರಿಗಳು ದೊಡ್ಡವಾದಾಗ ಕೊಕೇನಿಗಾಗಿ ಸನ್ನೆ ಒತ್ತುವುದನ್ನು ಬೇಗ ಕಲಿತವು. ಮಂಗಗಳಲ್ಲೂ ನೋಡಿದ್ದಾರೆ. 1991ರಲ್ಲಿ ಪ್ರಕಟವಾದ ರೀಸಸ್ ಮಂಗಗಳ ಅಧ್ಯಯನದಲ್ಲಿ, ಮೊದಲ ಆರು ತಿಂಗಳು ದೊಡ್ಡವರಾರೂ ಇಲ್ಲದೆ ಬರೀ ಓರಗೆಯ ಮರಿಗಳ ಜೊತೆ ಬೆಳೆದವು, ತಾಯಿಯ ಹತ್ತಿರ ಬೆಳೆದವುಗಳಿಗಿಂತ ಹೆಚ್ಚು ಮದ್ಯ ಕುಡಿದವು.

ಇಲ್ಲಿಯವರೆಗೆ ಕೇಳಿದರೆ ನಿಮಗೆ ಎದೆ ಒಡೆಯುತ್ತದೆ, ಗೊತ್ತು. ಆದರೆ ಅದೇ ಮಂಗಗಳ ಅಧ್ಯಯನದ ಇನ್ನೊಂದು ಭಾಗ ಕೇಳಿ. ತಾಯಿಯ ಹತ್ತಿರವೇ ಬೆಳೆದ ಮಂಗಗಳನ್ನು ದೊಡ್ಡವಾದ ಮೇಲೆ ಜೊತೆಗಾರರಿಂದ ಬೇರೆ ಮಾಡಿ ಒಂಟಿಯಾಗಿಟ್ಟಾಗ, ಅವೂ ಹೆಚ್ಚುಕಡಿಮೆ ಅಷ್ಟೇ ಕುಡಿಯತೊಡಗಿದವು. ಬಾಲ್ಯ ಎಷ್ಟೇ ಚೆನ್ನಾಗಿದ್ದರೂ ಇವತ್ತಿನ ಒಂಟಿತನ ಕುಡಿಸುತ್ತದೆ. ನನಗೆ ಇಡೀ ಅಧ್ಯಯನದಲ್ಲಿ ದೊಡ್ಡದಾಗಿ ಕಾಣುವುದು ಇದೇ ಭಾಗ. ಸುದ್ದಿಗಳಲ್ಲಿ ಇದು ಬರುವುದಿಲ್ಲ.

ಇನ್ನು ಇಲಿಗಳದ್ದೂ ಹೀಗೇ. 1957ರಲ್ಲಿ ಸೇಮೂರ್ ಲೆವಿನ್ ಎಂಬ ವಿಜ್ಞಾನಿ, ಎಳೆಯ ಮರಿಗಳನ್ನು ದಿನಾ ಕೆಲವೇ ನಿಮಿಷ ತಾಯಿಯಿಂದ ತೆಗೆದು ವಾಪಸು ಇಡುತ್ತಾ ಬಂದರೆ, ಅವು ಮುಟ್ಟದೇ ಬಿಟ್ಟ ಮರಿಗಳಿಗಿಂತ ದೊಡ್ಡವಾದಾಗ ಒತ್ತಡವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ ಎಂದು ತೋರಿಸಿದರು. ಮುಂದೆ ಹದಿನೈದು ನಿಮಿಷ ಬೇರೆ ಮಾಡುವುದು, ಮೂರು ಗಂಟೆ ಬೇರೆ ಮಾಡುವುದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಪದ್ಧತಿ ಬಂತು. ಹದಿನೈದು ನಿಮಿಷದ ಗುಂಪು ಎಷ್ಟೋ ಸಲ ಎಲ್ಲರಿಗಿಂತ ಗಟ್ಟಿ. ಕಾರಣ ಹುಡುಕುತ್ತಾ ಹೋದವರಿಗೆ ಕಂಡದ್ದು ಏನೆಂದರೆ, ಮರಿ ವಾಪಸು ಬಂದ ತಕ್ಷಣ ತಾಯಿ ಎಂದಿಗಿಂತ ಹೆಚ್ಚು ನೆಕ್ಕುತ್ತದೆ. ಅಂದರೆ ಬೇರೆ ಮಾಡಿದ್ದು ಎಷ್ಟು ಹೊತ್ತು ಎಂಬುದರ ಜೊತೆಗೆ, ವಾಪಸು ಬಂದ ಮೇಲೆ ಏನು ಸಿಕ್ಕಿತು ಎಂಬುದನ್ನೂ ನೋಡಬೇಕು.

ಮದ್ಯದ ವಿಷಯದಲ್ಲಂತೂ ಫಲಿತಾಂಶ ಒಂದೇ ಥರ ಇಲ್ಲ. ಕೆಲವು ಪ್ರಯೋಗದಲ್ಲಿ ತಾಯಿಯಿಂದ ಬೇರಾದವು ಹೆಚ್ಚು ಕುಡಿದವು, ಕೆಲವದರಲ್ಲಿ ಏನೂ ವ್ಯತ್ಯಾಸ ಇಲ್ಲ. ಇಲಿಯ ತಳಿ, ಗಂಡೋ ಹೆಣ್ಣೋ, ಯಾವ ಗುಂಪಿಗೆ ಹೋಲಿಸಿದರು, ಇದರ ಮೇಲೆಲ್ಲ ಉತ್ತರ ಬದಲಾಗುತ್ತದೆ. ನಿಮ್ಮ ಎಂ.ಫಾರ್ಮ್ ಹುಡುಗಿಗೆ ನನ್ನ ಪರವಾಗಿ ಒಂದು ಮಾತು ಹೇಳಿ: ಇಂಥ ಪ್ರಬಂಧ ಓದುವಾಗ ಮೊದಲು ಹೋಲಿಕೆಯ ಗುಂಪು ಯಾವುದು ನೋಡಬೇಕು, ಆಮೇಲೆ ತೀರ್ಮಾನ. ಮೂರು ಗಂಟೆಯ ಗುಂಪನ್ನು ಹದಿನೈದು ನಿಮಿಷದ ಗುಂಪಿಗೆ ಹೋಲಿಸಿದರೆ ಒಂದು ಕಥೆ, ಸುಮ್ಮನೆ ಗೂಡು ಶುಚಿ ಮಾಡಿಕೊಂಡು ಬೆಳೆಸಿದ ಗುಂಪಿಗೆ ಹೋಲಿಸಿದರೆ ಬೇರೆ ಕಥೆ.

ಈಗ ನಿಮ್ಮ ಮಗನ ವಿಷಯ. ಆ ಡಬ್ಬಿಯಲ್ಲಿ ಮರಿಯ ಜೊತೆ ದೊಡ್ಡ ಇಲಿ ಯಾವುದೂ ಇರುವುದಿಲ್ಲ. ಹಾಲು ಕೊಡುವವರಿಲ್ಲ, ಮುಟ್ಟುವವರಿಲ್ಲ. ನಿಮ್ಮ ಮಗನನ್ನು ನೀವು ಡಬ್ಬಿಯಲ್ಲಿ ಬಿಟ್ಟಿರಲಿಲ್ಲ, ನಿಮ್ಮ ಅಮ್ಮನ ಮಡಿಲಲ್ಲಿ ಬಿಟ್ಟಿದ್ದಿರಿ. ನೀವೇ ಬರೆದಿದ್ದೀರಿ, ಅವರು ದಿನಾ ಎಣ್ಣೆ ಹಚ್ಚಿ ಮೀಯಿಸುತ್ತಿದ್ದರು, ಗಂಜಿ ತಿನ್ನಿಸಲು ಅಂಗಳವೆಲ್ಲ ತಿರುಗಿಸುತ್ತಿದ್ದರು, ರಾತ್ರಿ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದರು ಎಂದು. ಇದಕ್ಕೆ ಹತ್ತಿರದ ಪ್ರಯೋಗ ಬೇರೆಯೇ ಇದೆ. ಕೆನಡಾದ ಮಾಂಟ್ರಿಯಲ್ಲಿನಲ್ಲಿ ಮೈಕೆಲ್ ಮೀನಿ ಮತ್ತು ಸಂಗಡಿಗರು, ಮರಿಗಳನ್ನು ಹೆಚ್ಚು ನೆಕ್ಕುವ ತಾಯಿ ಮತ್ತು ಕಡಿಮೆ ನೆಕ್ಕುವ ತಾಯಿ ಎಂದು ವಿಂಗಡಿಸಿ, ಹುಟ್ಟಿದ ಕೂಡಲೇ ಮರಿಗಳನ್ನು ಅದಲುಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿಗೆ ಹುಟ್ಟಿ, ಹೆಚ್ಚು ನೆಕ್ಕುವ ಸಾಕುತಾಯಿಯ ಹತ್ತಿರ ಬೆಳೆದ ಮರಿಗಳು, ಸ್ವಭಾವದಲ್ಲಿ ಸಾಕುತಾಯಿಯ ಮರಿಗಳಂತೆಯೇ ಆದವು. ಅದೇ ಗುಂಪು 2004ರಲ್ಲಿ, ಒತ್ತಡದ ಹಾರ್ಮೋನನ್ನು ಹತೋಟಿಯಲ್ಲಿಡುವ ಒಂದು ಜೀನಿನ ಮೇಲಿನ ರಾಸಾಯನಿಕ ಗುರುತು ಕೂಡ ಸಾಕಿದ ತಾಯಿಗೆ ತಕ್ಕಂತೆ ಬದಲಾಗುವುದನ್ನು ತೋರಿಸಿತು. ಇಲಿಯ ಮಿದುಳು ಕೇಳುವುದು ಹೆತ್ತದ್ದು ಯಾರು ಎಂದಲ್ಲ, ಮುಟ್ಟಿ ಸಾಕಿದ್ದು ಯಾರು ಎಂದು. ಮುಂಬೈಗೆ ದುಡಿಯಲು ಬಂದ ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಮೊದಲ ಮಗು ಅಜ್ಜಿಮನೆಯಲ್ಲಿ ಬೆಳೆದಿಲ್ಲ ಹೇಳಿ? ಅವರೆಲ್ಲ ಗಾಂಜಾ ಸೇದುತ್ತಿಲ್ಲ.

ಗಾಜಿನ ಪೆಟ್ಟಿಗೆಯ ಮೂರು ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಮಗುವಿನ ಜೀವ ಉಳಿಸಿದ ಚಿಕಿತ್ಸೆ, ಅದನ್ನು ಪಾಪದ ಲೆಕ್ಕಕ್ಕೆ ಸೇರಿಸಬೇಡಿ.

ಆದರೆ ನೀವು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಅಗಲಿಕೆ ನಿಮ್ಮ ಪತ್ರದಲ್ಲೇ ಇದೆ. ಆರು ತಿಂಗಳ ಕೂಸಿಗೆ ಅಜ್ಜಿ ಬೇಗ ಅಮ್ಮನಾಗಿಬಿಟ್ಟಿದ್ದಾಳೆ. ನಾಲ್ಕು ವರ್ಷದ ಹುಡುಗನಿಗೆ, ಭಾಷೆ ಬಂದವನಿಗೆ, ಅಂಗಳ ಬಾವಿ ದನದಕರು ಎಲ್ಲ ತನ್ನದಾಗಿದ್ದವನಿಗೆ, ಒಂದು ದಿನ ಅಜ್ಜಿ ಇಲ್ಲ. ಮೂರನೇ ಮಹಡಿಯ ಒಂದು ರೂಮು ಕಿಚನ್, ಮರಾಠಿ ಮಾತಾಡುವ ಬಾಲವಾಡಿ, ಕತ್ತಲಾದ ಮೇಲೆ ಬರುವ ಅಪ್ಪ ಅಮ್ಮ. ಮೊದಲ ವರ್ಷ ರಾತ್ರಿ ಎದ್ದು ಅಜ್ಜಿಯನ್ನು ಕರೆಯುತ್ತಿದ್ದ, ನಮಗೆ ಸಿಟ್ಟು ಬರುತ್ತಿತ್ತು ಎಂದು ನೀವು ಪತ್ರದ ನಡುವೆ ಎಲ್ಲೋ ಬರೆದಿದ್ದೀರಿ. ಇದೇ ಗಾಂಜಾಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ, ಹೇಳಲು ಆಧಾರವೂ ಇಲ್ಲ. ಮಗನ ಜೊತೆ ಎಂದಾದರೂ ಬಾಲ್ಯದ ಮಾತು ಬಂದರೆ ಅವನು ನೆನಪಿಸಿಕೊಳ್ಳುವುದು ಈ ಅಗಲಿಕೆಯನ್ನೇ ಇರಬಹುದು, ನಿಮ್ಮನ್ನು ಸುಡುವ ಆ ಬಸ್ಸಿನ ದಿನ ಅವನಿಗೆ ನೆನಪೇ ಇರುವುದಿಲ್ಲ. ಅವನಿಗೆ ಬೇಕಾದ ಮಾತು ಕೇಳಲು ಸಿದ್ಧರಿರಿ ಎನ್ನುವುದಕ್ಕೆ ಇಷ್ಟು ಹೇಳಿದೆ.

ಮನುಷ್ಯರ ಅಧ್ಯಯನಗಳಲ್ಲಿ ಬಾಲ್ಯಕ್ಕೂ ಚಟಕ್ಕೂ ನಂಟು ಕಂಡಿದೆ, ಅದನ್ನು ಮುಚ್ಚಿಡುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ 9,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಕುಡಿತ, ಮಾದಕವಸ್ತು, ಖಿನ್ನತೆ, ಆತ್ಮಹತ್ಯೆ ಪ್ರಯತ್ನದ ಅಪಾಯ, ಏನೂ ಕಷ್ಟ ಕಾಣದವರಿಗಿಂತ 4ರಿಂದ 12 ಪಟ್ಟು ಇತ್ತು. ಯಾವ ಕಷ್ಟ? ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಗೆ ಬೀಳುವ ಪೆಟ್ಟು, ಮನೆಯಲ್ಲಿ ಕುಡುಕರು, ಮಾನಸಿಕ ರೋಗಿಗಳು, ಜೈಲಿಗೆ ಹೋದವರು. ಅಜ್ಜಿಮನೆ ಆ ಪಟ್ಟಿಯಲ್ಲಿಲ್ಲ.

ಎರಡನೇ ಪ್ರಶ್ನೆ, ಇದಿನ್ನು ಸರಿಹೋಗುವುದಿಲ್ಲವೇ ಎಂಬುದು. ಇದಕ್ಕೆ ಇಲಿಗಳೇ ಚೆನ್ನಾಗಿ ಉತ್ತರ ಕೊಟ್ಟಿವೆ.

ಮೀನಿಯವರ ಗುಂಪೇ 2002ರಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಎಳವೆಯಲ್ಲಿ ದಿನಾ ಮೂರು ಗಂಟೆ ತಾಯಿಯಿಂದ ಬೇರಾಗಿದ್ದ ಮರಿಗಳನ್ನು, ಹರೆಯಕ್ಕೆ ಬರುವ ಹೊತ್ತಿಗೆ ದೊಡ್ಡ ಗೂಡಿಗೆ ಬಿಟ್ಟರು. ಹತ್ತಲು ಇಳಿಯಲು ಜಾಗ, ಆಟಿಕೆ, ಸುರಂಗ, ಜೊತೆಗಾರರು. ದೊಡ್ಡವಾದ ಮೇಲೆ ಒತ್ತಡದ ಪರೀಕ್ಷೆ ಮಾಡಿದರೆ ಅವು ಸಾಮಾನ್ಯ ಇಲಿಗಳ ಹಾಗೇ ನಡೆದುಕೊಂಡವು. ಮಿದುಳು ತೆಗೆದು ನೋಡಿದರೆ ಹಳೆಯ ಬದಲಾವಣೆ ಹಾಗೇ ಇತ್ತು, ಅಳಿಸಿಹೋಗಿರಲಿಲ್ಲ. ಹಳೆ ಮುಂಬೈ–ಪುಣೆ ರಸ್ತೆಯ ಘಾಟಿ ಹಾಗೇ ಇದೆ, ಪಕ್ಕದಲ್ಲಿ ಎಕ್ಸ್‌ಪ್ರೆಸ್‌ವೇ ಬಂತು, ಅಂಥದ್ದು. ನನ್ನ ವೃತ್ತಿಯಲ್ಲಿ ಕಾಣುವುದೂ ಇದನ್ನೇ. ಚಟ ಬಿಟ್ಟವರ ಹಳೆಯ ನೋವು ಮಾಯವಾಗಿರುವುದಿಲ್ಲ, ಬದುಕು ಬೇರೆ ದಾರಿ ಹಿಡಿದಿರುತ್ತದೆ. ನಿಮ್ಮ ಮುಂಬೈಯಲ್ಲೇ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ಪ್ರಯೋಗಾಲಯ, ತಾಯಿಯಿಂದ ಬೇರಾದ ಮರಿಗಳಲ್ಲಿ ಆತಂಕ ಹೇಗೆ ಬೇರೂರುತ್ತದೆ ಎಂಬುದರ ಮೇಲೆ ಕೆಲಸ ಮಾಡಿದೆ. ಎಳವೆಯಲ್ಲೇ, ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕವನ್ನು ಹಿಡಿಯುವ ಒಂದು ಗ್ರಾಹಕವನ್ನು ಔಷಧದಿಂದ ತಡೆದರೆ, ಮುಂದೆ ಬರಬೇಕಿದ್ದ ಆತಂಕ ಬರಲಿಲ್ಲ ಎಂದು 2011ರಲ್ಲಿ ಅವರು ತೋರಿಸಿದರು. ಇದು ಇಲಿಯ ಮಾತು, ನಿಮ್ಮ ಮಗನಿಗೆ ಮಾತ್ರೆ ಕೇಳಲು ಹೋಗಬೇಡಿ. ಎಳವೆಯ ಪೆಟ್ಟು ಕಲ್ಲಿನ ಮೇಲೆ ಕೆತ್ತಿದ್ದಲ್ಲ ಎನ್ನುವುದಕ್ಕೆ ಹೇಳಿದೆ.

ಇನ್ನೊಂದು ಸಂಗತಿ. ಮಾದಕವಸ್ತು ಎದುರಿಗಿಟ್ಟರೆ ಎಲ್ಲ ಇಲಿಗಳೂ ದಾಸರಾಗುತ್ತವೆ ಎನ್ನುವುದು ಹಳೆಯ ನಂಬಿಕೆ. ಫ್ರಾನ್ಸಿನ ಬೋರ್ಡೋದಲ್ಲಿ ತಿಂಗಳುಗಟ್ಟಲೆ ಕೊಕೇನ್ ಕೊಟ್ಟು 2004ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಶಾಕ್ ಹೊಡೆದರೂ ಬಿಡದ, ಸಿಗದಿದ್ದರೂ ಸನ್ನೆ ಒತ್ತುತ್ತಲೇ ಇರುವ ನಿಜವಾದ ಚಟ ಕಂಡದ್ದು ಶೇಕಡಾ 17ರಷ್ಟು ಇಲಿಗಳಲ್ಲಿ. ಅದೇ ಊರಿನ ಇನ್ನೊಂದು ಗುಂಪು 2007ರಲ್ಲಿ ಒಂದು ಕಡೆ ಕೊಕೇನ್, ಇನ್ನೊಂದು ಕಡೆ ಸ್ಯಾಕರಿನ್ ಹಾಕಿದ ಸಿಹಿನೀರು ಇಟ್ಟಾಗ ಶೇಕಡಾ 94ರಷ್ಟು ಇಲಿಗಳು ಸಿಹಿನೀರಿಗೆ ಹೋದವು. 2018ರಲ್ಲಿ ಅಮೆರಿಕದ ಪ್ರಯೋಗವೊಂದರಲ್ಲಿ ಇನ್ನೊಂದು ಇಲಿಯ ಜೊತೆ ಸೇರುವ ಬಾಗಿಲು ಮತ್ತು ಡ್ರಗ್ಸ್ ಎರಡನ್ನೂ ಎದುರಿಟ್ಟರೆ ಹೆಚ್ಚಿನವು ಜೊತೆಯನ್ನೇ ಆರಿಸಿಕೊಂಡವು. ಕೆನಡಾದ ಬ್ರೂಸ್ ಅಲೆಕ್ಸಾಂಡರ್ 1970ರ ದಶಕದ ಕೊನೆಯಲ್ಲಿ ಸಾಮಾನ್ಯ ಗೂಡಿಗಿಂತ ಸುಮಾರು 200 ಪಟ್ಟು ದೊಡ್ಡ 'ಇಲಿ ಉದ್ಯಾನ' ಕಟ್ಟಿ, ಅಲ್ಲಿನ ಇಲಿಗಳು ಮಾರ್ಫಿನ್ ನೀರನ್ನು ಹೆಚ್ಚು ಮುಟ್ಟಲಿಲ್ಲ ಎಂದು ತೋರಿಸಿದ್ದು ವಾಟ್ಸಾಪಿನಲ್ಲಿ ಬಹಳ ಓಡಾಡುತ್ತದೆ. ಅದನ್ನು ಮತ್ತೆ ಮಾಡಿ ನೋಡಿದವರಿಗೆಲ್ಲ ಅದೇ ಉತ್ತರ ಸಿಗಲಿಲ್ಲ, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳುವುದು ಬೇಡ.

ಇಷ್ಟೆಲ್ಲ ಇಲಿ ಪುರಾಣದಲ್ಲಿ ಒಂದನ್ನು ಗಮನಿಸಿದಿರಾ? ಮಾರ್ಫಿನ್, ಕೊಕೇನ್, ಮದ್ಯ. ಗಾಂಜಾ ಎಲ್ಲೂ ಬರಲಿಲ್ಲ. ಗಾಂಜಾದ ಮುಖ್ಯ ಅಂಶ ಟಿಎಚ್‌ಸಿಯನ್ನು ಇಲಿಗಳು ತಾವಾಗಿ ಸನ್ನೆ ಒತ್ತಿ ತೆಗೆದುಕೊಳ್ಳುವುದು ಬಹಳ ಅಪರೂಪ, ಅದನ್ನು ಚೆನ್ನಾಗಿ ತೋರಿಸಲು ಅಳಿಲುಮಂಗಗಳೇ ಬೇಕಾದವು. ಹರೆಯದಲ್ಲಿ ಟಿಎಚ್‌ಸಿ ಚುಚ್ಚಿಸಿಕೊಂಡ ಇಲಿಗಳು ದೊಡ್ಡವಾದಾಗ ಹೆರಾಯಿನ್ ಹೆಚ್ಚು ತೆಗೆದುಕೊಂಡವು ಎಂಬ ಕೆಲಸ 2007ರಲ್ಲಿ ಬಂತು. ಎರಡು ವರ್ಷ ಬಿಟ್ಟು, ನಾನು ಮೇಲೆ ಹೇಳಿದ ಪ್ಯಾರಿಸ್ ಗುಂಪು, ತಾಯಿಯಿಂದ ಬೇರಾಗಿ ಬೆಳೆದ ಇಲಿಗಳಿಗೇ ಹರೆಯದಲ್ಲಿ ಟಿಎಚ್‌ಸಿ ಕೊಟ್ಟಾಗ ಅವುಗಳ ಮಾರ್ಫಿನ್ ಚಟ ತಗ್ಗಿತು ಎಂದಿತು. ಪೂರ್ತಿ ಉಲ್ಟಾ! ಇದನ್ನು ನಿಮ್ಮ ಮಗನಿಗೆ ಹೇಳಬೇಡಿ, ಅವನು ಇದನ್ನೇ ಹಿಡಿದುಕೊಳ್ಳುತ್ತಾನೆ. ಇಲಿಯಿಂದ ನೇರವಾಗಿ ಪುಣೆಯ ಪಿಜಿ ರೂಮಿಗೆ ಜಿಗಿಯಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನಲ್ಲಿಲ್ಲ.

ಹಾಗಾದರೆ ಅವನ ಸ್ಥಿತಿ ಏನು? ಗಾಂಜಾ ಮುಟ್ಟಿದವರೆಲ್ಲ ದಾಸರಾಗುವುದಿಲ್ಲ. ಅಮೆರಿಕದ ಹಳೆಯ ಅಂದಾಜಿನಂತೆ ಒಮ್ಮೆಯಾದರೂ ಸೇದಿದವರಲ್ಲಿ ಶೇಕಡಾ 9ರಷ್ಟು ಜನ, ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು. ನಿಮ್ಮ ಮಗ ಶುರು ಮಾಡಿದ್ದು ಹದಿಹರೆಯದ ಕೊನೆಯಲ್ಲಿ. ನಾನು ಅವನನ್ನು ಕೇಳುವುದು ಇಷ್ಟು: ವಾರಕ್ಕೊಮ್ಮೆಯೋ ದಿನಾವೋ? ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ? ಒಬ್ಬನೇ ಕೂತು ಸೇದುತ್ತಾನೆಯೇ? ಮಾಲ್ ಸಿಗದ ದಿನ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಸಿಡುಕುತ್ತಾನೆಯೇ? ಜೊತೆಗೆ ಎಂಡಿ, ನಿದ್ದೆ ಗುಳಿಗೆ, ಕೆಮ್ಮಿನ ಸಿರಪ್ ಏನಾದರೂ? ಎಂಡಿ ಎಂದರೆ ಮೆಫೆಡ್ರೋನ್, ಬಿಳಿ ಪುಡಿ. 2024ರ ಫೆಬ್ರವರಿಯಲ್ಲಿ ಪುಣೆ ಜಿಲ್ಲೆಯ ಕುರ್ಕುಂಭದ ಕಾರ್ಖಾನೆಯಲ್ಲಿ ಪೊಲೀಸರು ರಾಶಿ ರಾಶಿ ಹಿಡಿದದ್ದು ಇದನ್ನೇ. ಗಾಂಜಾಕ್ಕಿಂತ ನನಗೆ ಭಯ ಇದರದ್ದು. ಇನ್ನೂ ಒಂದು ಪ್ರಶ್ನೆ ನಿಮಗೆ: ಎರಡೂ ಕಡೆಯ ಕುಟುಂಬದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಥರದ, ಭ್ರಮೆ ಹುಟ್ಟಿಸುವ ಕಾಯಿಲೆ ಇತ್ತೇ? ಇದ್ದರೆ ಗಾಂಜಾ ಅಂಥ ಹುಡುಗರಿಗೆ ನಿಜಕ್ಕೂ ಅಪಾಯ.

ಈಗ ನೀವು ಬರೆದ ದಾರಿಗಳು. ತಮ್ಮನ ದಾರಿ, ಅಂದರೆ ಸುಮ್ಮನೆ ಬಿಡುವುದು. ವಾರಕ್ಕೊಮ್ಮೆ ಸ್ನೇಹಿತರ ಜೊತೆ ಸೇದುವವನಾದರೆ ಎಷ್ಟೋ ಹುಡುಗರು ಕೆಲಸ ಸಿಕ್ಕ ಮೇಲೆ ತಾವೇ ಬಿಡುತ್ತಾರೆ ಎನ್ನುವುದು ನಿಜ. ಆದರೆ ಎರಡು ಕೇಟಿ ಬಂದಿದೆ ಎಂದರೆ ನನಗೆ ಕಾಯುವ ಮನಸ್ಸಿಲ್ಲ. ಕೇಟಿಗೆ ಗಾಂಜಾ ಕಾರಣವೋ, ಕೇಟಿಯ ಬೇಸರಕ್ಕೆ ಗಾಂಜಾವೋ, ಅದನ್ನಾದರೂ ತಿಳಿಯಬೇಕು.

ಯಜಮಾನರ ದಾರಿ, ರಿಹ್ಯಾಬು. ಇದರಲ್ಲಿ ಎಚ್ಚರ ಬೇಕು. ಹುಡುಗ 20 ವರ್ಷದವನು, ಕಾನೂನಿನ ಲೆಕ್ಕದಲ್ಲಿ ವಯಸ್ಕ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋವೈದ್ಯರೂ ಸೇರಿ ಇಬ್ಬರು ಪರೀಕ್ಷಿಸಿ, ತೀರಾ ಅಗತ್ಯ ಇದೆ ಎಂದು ಒಪ್ಪದೆ ಒತ್ತಾಯದಿಂದ ಸೇರಿಸುವಂತಿಲ್ಲ. ರಾತ್ರೋರಾತ್ರಿ ಗಾಡಿ ತಂದು ಎತ್ತಿಕೊಂಡು ಹೋಗುವ, ನೋಂದಣಿ ಇಲ್ಲದ ಕೇಂದ್ರಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಅಲ್ಲಿಂದ ಬಂದ ಹುಡುಗರು ಆಮೇಲೆ ಯಾವ ಡಾಕ್ಟರ ಹತ್ತಿರವೂ ಬಾಯಿ ಬಿಡುವುದಿಲ್ಲ, ಮೊದಲು ಅಪ್ಪನ ಜೊತೆ ಮಾತು ಬಿಡುತ್ತಾರೆ. ಒಳ್ಳೆಯ ಸಂಸ್ಥೆಗಳೂ ಇವೆ. ಪುಣೆಯ ಮುಕ್ತಾಂಗಣ 1986ರಿಂದ ನಡೆಯುತ್ತಿದೆ. ಆದರೆ ಬರೀ ಗಾಂಜಾ ಸೇದುವ, ಕಾಲೇಜಿಗೆ ಹೋಗಿ ಬರುತ್ತಿರುವ ಹುಡುಗನಿಗೆ ಮೊದಲ ಹೆಜ್ಜೆಯೇ ಸೇರಿಸುವುದು ಆಗಬೇಕಿಲ್ಲ. ಎಂಡಿ ಇದ್ದರೆ, ಅನುಮಾನ ಭ್ರಮೆ ಶುರುವಾಗಿದ್ದರೆ, ಲೆಕ್ಕ ಬೇರೆ.

ಮೂರನೆಯದು, ನಿಮ್ಮ ಪತ್ರದ ಅಂಚಿನಲ್ಲಿ ಬರೆದದ್ದು: ಗೊತ್ತಾಗದ ಹಾಗೆ ಮೂತ್ರ ಪರೀಕ್ಷೆ. ಮಾಡಬೇಡಿ. ದಿನಾ ಸೇದುತ್ತಿದ್ದವನು ಬಿಟ್ಟು ವಾರಗಳಾದರೂ ಪರೀಕ್ಷೆಯಲ್ಲಿ ಬರಬಹುದು. ಅವನು ಬಿಟ್ಟಿದ್ದೇನೆ ಎಂದಾಗ ನೀವು ಕಾಗದ ಹಿಡಿದು ಸುಳ್ಳ ಎನ್ನುತ್ತೀರಿ, ಅಲ್ಲಿಗೆ ಮುಗಿಯಿತು.

ನಾನು ಹೇಳುವುದು, ಪುಣೆಯಲ್ಲೇ ಒಬ್ಬ ಮನೋವೈದ್ಯರ ಹತ್ತಿರ ಅವನು ತಾನೇ ಹೋಗುವ ಹಾಗೆ ಮಾಡುವುದು. ಗಾಂಜಾ ಬಿಡಿಸಲೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ, ಮಾತಿನ ಚಿಕಿತ್ಸೆಯೇ ಮುಖ್ಯ. ದಿನಾ ಸೇದುತ್ತಿದ್ದವನು ಬಿಟ್ಟರೆ ಮೊದಲ ವಾರ ನಿದ್ದೆಗೇಡು, ಸಿಡುಕು, ಹಸಿವಿಲ್ಲದಿರುವುದು, ಕೆಟ್ಟ ಕನಸು. ಹೆಚ್ಚಿನವರಿಗೆ ಎರಡು ವಾರದಲ್ಲಿ ಇಳಿಯುತ್ತದೆ. ಆ ಎರಡು ವಾರ ಪರೀಕ್ಷೆಯ ಹೊತ್ತಿಗೆ ಬರದಂತೆ ದಿನ ನೋಡಿಕೊಳ್ಳಲಿ. ಪೊಲೀಸರ ಭಯ ಇದ್ದರೆ, 1985ರ ಮಾದಕವಸ್ತು ಕಾಯ್ದೆಯಲ್ಲೇ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ತಾನಾಗಿ ಚಿಕಿತ್ಸೆಗೆ ಹೋಗುವ ವ್ಯಸನಿಗೆ ರಕ್ಷಣೆ ಇದೆ. ಮಾರಾಟಕ್ಕೆ ಅದು ಅನ್ವಯಿಸುವುದಿಲ್ಲ, ಸ್ನೇಹಿತರಿಗೆಂದು ತಂದುಕೊಡುವುದನ್ನು ಇವತ್ತೇ ನಿಲ್ಲಿಸಲಿ. ಮೊದಲು ಫೋನಿನಲ್ಲಿ ಕೇಳುವುದಾದರೆ 14446 ಸರಕಾರದ ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್ ಎಂಬ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಎರಡನೆಯದರಲ್ಲಿ ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ನಿದ್ದೆಯ ವಿಷಯಕ್ಕೆ ನೀವೂ ಅದಕ್ಕೆ ಫೋನ್ ಮಾಡಬಹುದು.

ಇನ್ನು ಸ್ವಯಂನಿವೃತ್ತಿ. ಜಾಗ ಬದಲಾದರೆ ಚಟ ಬಿಡುತ್ತದೆ ಎನ್ನುವುದಕ್ಕೆ ದೊಡ್ಡ ಸಾಕ್ಷಿ ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರು. ಅಲ್ಲಿ ಸುಮಾರು ಐದರಲ್ಲೊಬ್ಬರು ಹೆರಾಯಿನ್ನಿಗೆ ಅಂಟಿಕೊಂಡಿದ್ದರು. ಊರಿಗೆ ಮರಳಿದ ಮೇಲೆ ಮತ್ತೆ ದಾಸರಾದವರು ಬಹಳ ಕಡಿಮೆ ಎಂದು ಲೀ ರಾಬಿನ್ಸ್ ಎಂಬ ಸಂಶೋಧಕಿ ತೋರಿಸಿದರು. ಅವರು ಮರಳಿದ್ದು ಮನೆ, ಕೆಲಸ, ತಮ್ಮವರ ನಡುವೆ. ಇದಕ್ಕೊಂದು ಎಚ್ಚರಿಕೆಯೂ ಇದೆ. ಫ್ರಾನ್ಸಿನ ಪ್ವಾಟಿಯೆಯಲ್ಲಿ ಕೊಕೇನ್ ರುಚಿ ಕಂಡ ಚಿಕ್ಕಿಲಿಗಳನ್ನು ಆಟಿಕೆ ತುಂಬಿದ ಗೂಡಿಗೆ ಹಾಕಿದಾಗ ಚಟದ ಲಕ್ಷಣ ಇಳಿದವು. ಅಂಥ ಗೂಡಿಗೆ ಒಗ್ಗಿದ ಚಿಕ್ಕಿಲಿಗಳನ್ನು ಅಲ್ಲಿಂದ ತೆಗೆದು ಬರಿಯ ಗೂಡಿಗೆ ಹಾಕಿದರೆ ಕೊಕೇನಿಗೆ ಬೀಳುವ ಅಪಾಯ ಹೆಚ್ಚಾಯಿತು. ನೀವು ಕೆಲಸ ಬಿಟ್ಟು ಪುಣೆಗೆ ಬಂದು ಎರಡು ರೂಮಿನ ಮನೆಯಲ್ಲಿ ಅವನು ಕಾಲೇಜಿನಿಂದ ಬರುವುದನ್ನೇ ಬಾಗಿಲಲ್ಲಿ ಕಾಯುತ್ತಾ ಕೂತರೆ ಅದು ಆಟಿಕೆಯ ಗೂಡಲ್ಲ, ಕಾವಲಿನ ಗೂಡು. ನಿಮ್ಮ ಸಂಬಳ ಹೋಗುತ್ತದೆ, ಆ ಋಣದ ಭಾರ ಅವನ ತಲೆ ಮೇಲೆ ಬೀಳುತ್ತದೆ.

ಅದರ ಬದಲು ರೂಮು ಬದಲಿಸುವ ಮಾತನ್ನು ಅವನ ಹತ್ತಿರ ತೆಗೆಯಿರಿ. ಎಲ್ಲರೂ ಸೇದುವ ರೂಮಿನಲ್ಲಿದ್ದು ಒಬ್ಬನೇ ಬಿಡುವುದು ಬಹಳ ಕಷ್ಟ, ಇದನ್ನು ಹುಡುಗರೇ ನನಗೆ ಹೇಳುತ್ತಾರೆ. ಕಾಲೇಜಿನ ಹಾಸ್ಟೆಲ್, ಇಲ್ಲವೇ ಸೇದದ ಇಬ್ಬರು ಹುಡುಗರ ಜೊತೆ ಬೇರೆ ಜಾಗ. ಮೊದಲು ಆಡುತ್ತಿದ್ದ, ಈಗ ಬಿಟ್ಟಿರುವ ಆಟ ಏನಾದರೂ ಇತ್ತೇ? ಫುಟ್‌ಬಾಲ್ ಎಂದು ಬರೆದ ನೆನಪು. ವಾರಾಂತ್ಯಕ್ಕೆ ನೀವು ಹೋಗಿ ಬನ್ನಿ, ಬ್ಯಾಗು ತಡಕಬೇಡಿ, ಹೊರಗೆ ಊಟಕ್ಕೆ ಕರಕೊಂಡು ಹೋಗಿ. ಮೊದಲ ಎರಡು ಭೇಟಿಯಲ್ಲಿ ಗಾಂಜಾದ ಮಾತನ್ನು ನೀವಾಗಿ ತೆಗೆಯಬೇಡಿ. ಯಾರೋ ಬೆನ್ನಟ್ಟುತ್ತಿದ್ದಾರೆ ಎನ್ನುವುದು, ಇಲ್ಲದ ದನಿ ಕೇಳಿಸುವುದು, ರಾತ್ರಿಯಿಡೀ ಮಲಗದೆ ಒಂದೇ ಸಮನೆ ಮಾತಾಡುವುದು, ಸಾಯುವ ಮಾತು, ಇವುಗಳಲ್ಲಿ ಒಂದು ಕಂಡರೂ ಈ ತಾಳ್ಮೆಯೆಲ್ಲ ಪಕ್ಕಕ್ಕಿಟ್ಟು ಅದೇ ದಿನ ಮನೋವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಊರಿನ ಅಜ್ಜಿಗೆ ಹೇಳಬೇಕೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅದನ್ನು ಮಗನೇ ತೀರ್ಮಾನಿಸಲಿ. ಅವನು ಈಗಲೂ ಪ್ರತಿ ಭಾನುವಾರ ಅವರಿಗೆ ಫೋನ್ ಮಾಡುತ್ತಾನೆ ಎಂದು ನೀವೇ ಬರೆದಿದ್ದೀರಲ್ಲ. ಚಿಕಿತ್ಸೆ ಮಾಡುವವರಿಗೆ ಆ ಫೋನಿನ ವಿಷಯವನ್ನು ಮರೆಯದೆ ಹೇಳಿ, ಅದು ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.